ಬಾಡಿಗೆ ಮನೆಯಲ್ಲಿ ಹೂಡಿಕೆ: ಲೆಕ್ಕ ಮೊದಲು, ನಿರ್ಧಾರ ಅನಂತರ

ಒಂದೆರಡು ವರ್ಷ ವ್ಯಾಪಾರ ಕೈ ಹಿಡಿದರೆ ಮಿಗುವ ಹಣವನ್ನು ಮನೆ ಕೊಳ್ಳಲು ವಿನಿಯೋಗಿಸುವುದು ವರ್ತಕರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆಸ್ತಿ ಕಣ್ಣಿಗೆ ಕಾಣುತ್ತದೆ, ಬಾಡಿಗೆ ತಿಂಗಳು ತಿಂಗಳು ಬರುತ್ತದೆ, ಬೆಲೆಯೂ ಏರುತ್ತದೆ ಎಂಬುದು ಈ ಒಲವಿಗೆ ಕಾರಣ. ಆದರೆ ಸರಕಿನ ಖರೀದಿಯಲ್ಲಿ ಪೈಸೆ ಪೈಸೆಗೂ ಲೆಕ್ಕ ಹಾಕುವ ವರ್ತಕರು ಮನೆಯ ವಿಷಯದಲ್ಲಿ ಬಾಡಿಗೆಯ ಮೊತ್ತವೊಂದನ್ನೇ ನೋಡಿ ತೀರ್ಮಾನಿಸುವುದುಂಟು. ಹೂಡಿಕೆಯ ನಿಜವಾದ ಸ್ವರೂಪ ತಿಳಿಯಬೇಕಾದರೆ ವೆಚ್ಚದ ಬಾಬುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಅವಶ್ಯಕ.

ಕೊಳ್ಳುವಾಗಿನ ವೆಚ್ಚ

ಉದಾಹರಣೆಗೆ, ಹುಬ್ಬಳ್ಳಿಯ ವರ್ತಕರೊಬ್ಬರು ಪೂರ್ಣಗೊಂಡ ಫ್ಲ್ಯಾಟೊಂದನ್ನು 60 ಲಕ್ಷ ರೂ.ಗಳಿಗೆ ಕೊಳ್ಳುತ್ತಾರೆಂದು ಭಾವಿಸಬಹುದು. ಕರ್ನಾಟಕದ ನಗರ ಪ್ರದೇಶದಲ್ಲಿ 45 ಲಕ್ಷ ರೂ. ಮೀರಿದ ಆಸ್ತಿಗೆ ಶೇ. 5ರ ಮುದ್ರಾಂಕ ಶುಲ್ಕವು ಉಪಕರ ಹಾಗೂ ಅಧಿಭಾರ ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಇವೆರಡೂ ಸೇರಿ 4.56 ಲಕ್ಷ ರೂ. ತಗಲುತ್ತದೆ. ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕವನ್ನು ಅದರ ಮೇಲೆಯೇ ತೆರಬೇಕು. ದುರಸ್ತಿ, ಬಣ್ಣ, ವಿದ್ಯುತ್ ಜೋಡಣೆ ಮುಂತಾದವುಗಳಿಗೆ 1.44 ಲಕ್ಷ ರೂ. ಹಿಡಿದರೆ ಹೂಡಿಕೆಯ ಒಟ್ಟು ಮೊತ್ತ 66 ಲಕ್ಷ ರೂ. ನಿರ್ಮಾಣ ಹಂತದ ಫ್ಲ್ಯಾಟಾದರೆ ಸಾಮಾನ್ಯವಾಗಿ ಶೇ. 5ರ ಜಿಎಸ್‌ಟಿ ಬೇರೆ ಕೂಡಿಕೊಳ್ಳುತ್ತದೆ.

ಕೈಗೆ ಉಳಿಯುವ ಬಾಡಿಗೆ

ತಿಂಗಳಿಗೆ 18,000 ರೂ. ಬಾಡಿಗೆ ದೊರೆತರೆ ವರ್ಷಕ್ಕೆ 2.16 ಲಕ್ಷ ರೂ. ಇದರಲ್ಲಿ ಒಂದು ತಿಂಗಳು ಮನೆ ಖಾಲಿ ಉಳಿಯುವ ನಷ್ಟ 18,000, ಆಸ್ತಿ ತೆರಿಗೆ 9,000, ಮಾಲೀಕರ ಸಂಘದ ನಿರ್ವಹಣಾ ವಂತಿಗೆ 24,000, ದುರಸ್ತಿ 15,000 ಎಂದು ಒಟ್ಟು 66,000 ರೂ. ಕಳೆದರೆ ಉಳಿಯುವುದು 1.50 ಲಕ್ಷ ರೂ. ಮಾತ್ರ. ಇದು ಹೂಡಿಕೆಯ ಮೇಲೆ ಶೇ. 2.27ರಷ್ಟು ಪ್ರತಿಫಲ.

ಸಾಲದ ಭಾರ

ಇದೇ ಮನೆಗೆ 40 ಲಕ್ಷ ರೂ.ಗಳನ್ನು ಶೇ. 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಸಾಲ ಪಡೆದರೆ ಮಾಸಿಕ ಕಂತು ಸುಮಾರು 34,700 ರೂ. ವರ್ಷಕ್ಕೆ 4.17 ಲಕ್ಷ ರೂ.ಗಳ ಕಂತಿಗೆ ನಿವ್ವಳ ಬಾಡಿಗೆ 1.50 ಲಕ್ಷ ರೂ. ಒದಗಿದರೂ ಉಳಿದ 2.67 ಲಕ್ಷ ರೂ. ವ್ಯಾಪಾರದಿಂದಲೇ ಬರಬೇಕು. ಮಾರಾಟ ಕುಗ್ಗಿದ ವರ್ಷದಲ್ಲಿಯೂ ಕಂತು ಕುಗ್ಗುವುದಿಲ್ಲವೆಂಬುದನ್ನು ಮರೆಯಬಾರದು.

ಕೈಯಿಂದ ಹಾಕಿದ 26 ಲಕ್ಷ ರೂ.ಗಳಿಗೂ ಬೆಲೆಯಿದೆ. ಆ ಹಣದಿಂದ ಶೇ. 10ರ ಬಡ್ಡಿಯ ಕ್ಯಾಶ್ ಕ್ರೆಡಿಟ್ ಬಾಕಿಯನ್ನು ತಗ್ಗಿಸಿದ್ದರೆ ತೆರಿಗೆಯ ಪೂರ್ವದಲ್ಲಿ ವರ್ಷಕ್ಕೆ 2.60 ಲಕ್ಷ ರೂ. ಉಳಿಯುತ್ತಿತ್ತು. ಮೊದಲ ವರ್ಷದ ಗೃಹಸಾಲದ ಬಡ್ಡಿ ಸುಮಾರು 3.37 ಲಕ್ಷ ರೂ. ಇವೆರಡನ್ನೂ ಕೂಡಿಸಿ ನಿವ್ವಳ ಬಾಡಿಗೆಯನ್ನು ಕಳೆದರೆ 4.47 ಲಕ್ಷ ರೂ.ಗಳ ಕೊರತೆ ಕಾಣುತ್ತದೆ. ಅಂದರೆ ಮನೆಯ ಬೆಲೆ ಆ ವರ್ಷ ಸುಮಾರು ಶೇ. 7.5ರಷ್ಟು ಏರಿದರೆ ಮಾತ್ರ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಸರಿದೂಗುತ್ತದೆ.

ತೆರಿಗೆಯ ಪರಿಣಾಮ

ಬಂದ ಬಾಡಿಗೆಯಲ್ಲಿ ಮಾಲೀಕರು ಪಾವತಿಸಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 30ರಷ್ಟನ್ನು ನೇರವಾಗಿ ಕಳೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ. ನಿಜವಾದ ದುರಸ್ತಿ ವೆಚ್ಚ ಎಷ್ಟೇ ಆಗಿದ್ದರೂ ಅದನ್ನು ಪ್ರತ್ಯೇಕವಾಗಿ ತೋರಿಸುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ತೆರಿಗೆಗೆ ಒಳಪಡುವ ಬಾಡಿಗೆ 1,32,300 ರೂ. ಆಗುತ್ತದೆ. ಬಡ್ಡಿ ಕಳೆದ ಮೇಲೆ ಸುಮಾರು 2.05 ಲಕ್ಷ ರೂ. ನಷ್ಟ ಉಳಿಯುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ 2 ಲಕ್ಷ ರೂ.ಗಳವರೆಗೆ ವ್ಯಾಪಾರದ ಆದಾಯದೊಂದಿಗೆ ಸರಿದೂಗಿಸಬಹುದು, ಉಳಿದದ್ದನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಅನ್ಯ ಆದಾಯದೊಂದಿಗೆ ಸರಿದೂಗಿಸುವ ಅವಕಾಶವೇ ಇಲ್ಲ. ಆದ್ದರಿಂದ ಸಾಲ ಮಾಡುವ ಮೊದಲೇ ಪದ್ಧತಿಯನ್ನು ನಿಶ್ಚಯಿಸಿಕೊಳ್ಳುವುದು ಉತ್ತಮ. ವಾಸದ ಮನೆಯ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸುವುದನ್ನು 2024ರ ತಿದ್ದುಪಡಿಯು ತಡೆದಿದೆ.

ಮಾರುವಾಗಲೂ ಲೆಕ್ಕ ಬದಲಾಗಿದೆ. 24 ತಿಂಗಳು ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇ. 12.5ರ ತೆರಿಗೆ ಅನ್ವಯಿಸುತ್ತದೆ. ಹಣದುಬ್ಬರದ ಹೊಂದಾಣಿಕೆ ದೊರೆಯದು. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ ನಿವಾಸಿ ವ್ಯಕ್ತಿಗಳು ಹಾಗೂ ಅವಿಭಕ್ತ ಕುಟುಂಬಗಳು ಹೊಂದಾಣಿಕೆಯೊಂದಿಗೆ ಶೇ. 20ರ ಹಳೆಯ ಲೆಕ್ಕದಂತೆ ತೆರಿಗೆ ಕಡಿಮೆಯಾಗುವುದಾದರೆ ಆ ಅನುಕೂಲವನ್ನು ಪಡೆಯಬಹುದು.

ಅನುಸರಿಸಬಹುದಾದ ಮಾರ್ಗಗಳು

ಮೊದಲನೆಯದು, ಸ್ವಂತ ಮನೆಯ ಮೇಲೆ ಪರವಾನಗಿ ಪಡೆದು ಅಂತಸ್ತು ಕಟ್ಟುವುದು. ನಿವೇಶನದ ಬೆಲೆ ಇಲ್ಲಿ ಹೊಸದಾಗಿ ಸೇರದು. 18 ಲಕ್ಷ ರೂ. ವೆಚ್ಚದ ಅಂತಸ್ತಿಗೆ 9,000 ರೂ. ಬಾಡಿಗೆ ಬಂದರೂ ಶೇ. 6ರ ಒಟ್ಟು ಪ್ರತಿಫಲ ಸಿಗುತ್ತದೆ.

ಎರಡನೆಯದು, ಒಂದು ದೊಡ್ಡ ಮನೆಗೆ ಬದಲು ಎರಡು ಚಿಕ್ಕ ಮನೆಗಳು. ಒಂದು ಖಾಲಿಯಾದರೂ ಇನ್ನೊಂದರ ಆದಾಯ ನಿಲ್ಲುವುದಿಲ್ಲ.

ಮೂರನೆಯದು ಭೋಗ್ಯ. ಬಾಡಿಗೆಯಿಲ್ಲದೆ ದೊಡ್ಡ ಮೊತ್ತವನ್ನು ಮುಂಗಡವಾಗಿ ಪಡೆಯುವ ಈ ಪದ್ಧತಿ ಬೆಂಗಳೂರಿನಲ್ಲಿ ಬಳಕೆಯಲ್ಲಿದೆ. ಆ ಹಣ ಆದಾಯವಲ್ಲ, ಮರಳಿಸಬೇಕಾದ ಸಾಲ. ಅದನ್ನು ಸರಕಿನಲ್ಲಿ ತೊಡಗಿಸಿದವರು ಅವಧಿ ಮುಗಿದಾಗ ಸರಕನ್ನು ಅಗ್ಗಕ್ಕೆ ಮಾರಬೇಕಾದ ಪ್ರಸಂಗ ಬರಬಹುದು.

ಕರಾರು ಮತ್ತು ದಾಖಲೆ

ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿ ಕಡ್ಡಾಯ. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿರುವುದು ಇದರಿಂದಲೇ. ವರ್ಷಂಪ್ರತಿ ಏರಿಕೆ, ಮುಂಗಡದಿಂದ ಮುರಿದುಕೊಳ್ಳಬಹುದಾದ ಬಾಬುಗಳು, ತೆರವಿನ ಸೂಚನೆಯ ಅವಧಿ, ಇವು ಕರಾರಿನಲ್ಲಿ ಸ್ಪಷ್ಟವಾಗಿರಬೇಕು. ಜಿಎಸ್‌ಟಿ ನೋಂದಾಯಿತ ಕಂಪನಿಯೊಂದು ನೌಕರರ ವಾಸಕ್ಕೆಂದು ಮನೆ ಹಿಡಿದರೆ 2022ರ ಜುಲೈ 18ರಿಂದ ಶೇ. 18ರ ತೆರಿಗೆಯನ್ನು ಬಾಡಿಗೆದಾರ ಕಂಪನಿಯೇ ಕಟ್ಟಬೇಕು. ಬಾಡಿಗೆಯ ಚೌಕಾಶಿಯಲ್ಲಿ ಇದು ಎದುರಾಗುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ವೆಚ್ಚ ಅಂದಾಜನ್ನು ಮೀರುತ್ತದೆಂಬ ಅನುಭವದಿಂದ. ಬ್ಯಾಂಕಿನ ಬಾಕಿ ತೀರಿಸಿ, ಆರು ತಿಂಗಳ ಕಂತಿಗೆ ಸಾಕಾಗುವಷ್ಟು ಹಣ ತೆಗೆದಿರಿಸಿ, ಅನಂತರ ಉಳಿದ ಬಂಡವಾಳವನ್ನು ಮನೆಯಲ್ಲಿ ತೊಡಗಿಸುವ ವರ್ತಕರಿಗೆ ಬಾಡಿಗೆ ಆಸರೆಯಾಗುತ್ತದೆ. ಅಂಗಡಿಯ ದುಡಿಯುವ ಬಂಡವಾಳವನ್ನೇ ಗೋಡೆಗೆ ಹಾಕಿದವರಿಗೆ ಅದೇ ಮನೆ ವ್ಯಾಪಾರವನ್ನು ಕಟ್ಟಿಹಾಕುವ ಹೊರೆಯಾದೀತು.