ನಾವಿಟ್ಟ ಹೆಸರು, ಅವರಿಟ್ಟುಕೊಂಡ ಹೆಸರು

ಈ ಸ್ಮರಣ ಸಂಚಿಕೆಯ ಕಾರ್ಯ ಆರಂಭವಾದಾಗ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ವಿಜ್ಞಾಪನಪತ್ರವನ್ನು ಮೊಬೈಲಿನ ಮೂಲಕ ಕಳುಹಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಅವರಲ್ಲಿ ಒಬ್ಬರು ನಮ್ಮ ಗ್ರಂಥಾಲಯಕ್ಕೆ ನೆರವಾದ ಹಿರಿಯರು. ನನ್ನ ಫೋನಿನಲ್ಲಿ ಅವರ ನಂಬರು ‘ಗ್ರಂಥಾಲಯದ ದಾನಿಗಳು’ ಎಂಬ ಹೆಸರಿನಲ್ಲಿಯೇ ಇತ್ತು. ಪತ್ರವನ್ನು ಕಳುಹಿಸಿ ನೋಡುತ್ತೇನೆ, ಆ ಹೆಸರಿನ ಪಕ್ಕದಲ್ಲಿ ಅಪರಿಚಿತ ತರುಣನೊಬ್ಬನ ಭಾವಚಿತ್ರ! ಮೊಮ್ಮಗನ ಚಿತ್ರವನ್ನು ಹಾಕಿಕೊಂಡಿರಬಹುದೆಂದು ಭಾವಿಸಿ, ಅವರು ಕೊನೆಯ ಬಾರಿ ನೀಡಿದ ಕಾಣಿಕೆಯ ರಸೀದಿಯ ಪ್ರತಿಯನ್ನೂ ಕಳುಹಿಸಿಬಿಟ್ಟೆ. ಅದರಲ್ಲಿ ಅವರ ಮನೆಯ ವಿಳಾಸವಿತ್ತು, ಪ್ಯಾನ್ ಸಂಖ್ಯೆಯಿತ್ತು. ಅರ್ಧ ಗಂಟೆಯ ಬಳಿಕ ಉತ್ತರ ಬಂದಿತು: “ಸರ್, ನೀವು ಹೇಳುವವರು ನಾನಲ್ಲ. ಈ ನಂಬರು ನನಗೆ ಹೊಸದಾಗಿ ಸಿಕ್ಕಿದ್ದು.” ವಿಚಾರಿಸಲಾಗಿ, ಆ ಹಿರಿಯರು ಲಿಂಗೈಕ್ಯರಾಗಿ ವರ್ಷವೇ ಕಳೆದಿತ್ತೆಂದು ತಿಳಿಯಿತು. ಆ ಸುದ್ದಿ ನನಗೆ ಮುಟ್ಟಿರಲಿಲ್ಲ.

ಇಲ್ಲಿ ತಪ್ಪಿದ್ದು ಯಂತ್ರವೋ ನಾನೋ ಎಂಬುದನ್ನು ಅರಿಯಲು, ಸಂದೇಶ ಕಳುಹಿಸುವ ಆ್ಯಪುಗಳಲ್ಲಿ ಹೆಸರು ಎಲ್ಲಿ ಇರುತ್ತದೆ, ಅದನ್ನು ಯಾರು ತಿದ್ದಬಲ್ಲರು ಎಂಬುದನ್ನು ತಕ್ಕಮಟ್ಟಿಗೆ ಅಭ್ಯಾಸ ಮಾಡಿದೆ. ಕನ್ನಡ ಪಂಡಿತನಿಗೆ ಈ ಯಂತ್ರವಿಚಾರವೇಕೆಂದು ವಾಚಕರು ಕೇಳಬಹುದು. ಹೆಸರೆಂಬುದು ನಾಮಪದ, ನಾಮಪದದ ವಿಚಾರ ವ್ಯಾಕರಣಕ್ಕೆ ಸೇರಿದ್ದೇ ಆಗಿದೆ.

ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಭೇದಗಳನ್ನು ನಾವು ಮಕ್ಕಳಿಗೆ ಬೋಧಿಸುತ್ತೇವೆ. ವ್ಯಕ್ತಿಯನ್ನು ಗುರುತಿಸಲು ಇಟ್ಟದ್ದು ಅಂಕಿತನಾಮ. ವೃತ್ತಿ, ಗುಣ ಮೊದಲಾದವುಗಳಿಂದ ಬಂದದ್ದು ಅನ್ವರ್ಥನಾಮ. ವಾಟ್ಸಾಪ್‌ನಂತಹ ಆ್ಯಪಿನಲ್ಲಿ ಪ್ರತಿಯೊಬ್ಬ ವ್ಯಕ್ತಿಗೂ ಎರಡು ಹೆಸರುಗಳಿವೆ. ಅವನು ತನ್ನ ಪ್ರೊಫೈಲಿನಲ್ಲಿ ತಾನೇ ಬರೆದುಕೊಳ್ಳುವುದು ಒಂದು; ಇದು ಬಹುಮಟ್ಟಿಗೆ ಅಂಕಿತನಾಮ. ಅವನ ನಂಬರನ್ನು ಸೇವ್ ಮಾಡುವಾಗ ನಾವು ಇಡುವುದು ಇನ್ನೊಂದು. ಇದು ಅನೇಕ ವೇಳೆ ಅನ್ವರ್ಥನಾಮ. ‘ಹಾಲಿನವ’, ‘ಆಟೋ’, ‘ಹತ್ತನೆಯ ತರಗತಿಯ ಹುಡುಗನ ತಂದೆ’ ಎಂದು ನಾವು ಬರೆದುಕೊಳ್ಳುವುದಿಲ್ಲವೇ?

ಈ ಎರಡು ಹೆಸರುಗಳ ವಾಸಸ್ಥಾನಗಳೇ ಬೇರೆ. ಪ್ರೊಫೈಲಿನ ಹೆಸರನ್ನೂ ಭಾವಚಿತ್ರವನ್ನೂ ಆ್ಯಪು ತನ್ನ ವ್ಯವಸ್ಥೆಯಲ್ಲಿಟ್ಟು ಇತರರಿಗೆ ತೋರಿಸುತ್ತದೆ. ಅದನ್ನು ತಿದ್ದಿದರೆ ತಿದ್ದುಪಡಿಯು ಎಲ್ಲರಿಗೂ ಕಾಣುತ್ತದೆ. ನಾವು ಸೇವ್ ಮಾಡಿದ ಹೆಸರಾದರೋ ನಮ್ಮ ಸಂಪರ್ಕಪಟ್ಟಿಯದು; ಅದನ್ನು ಎಷ್ಟು ಸಲ ತಿದ್ದಿದರೂ ಆ ವ್ಯಕ್ತಿಗೆ ತಿಳಿಯದು. 2009ರಲ್ಲಿ ಆರಂಭವಾದ ವಾಟ್ಸಾಪ್ ಬಹುಕಾಲ ಫೋನಿನ ಸಂಪರ್ಕಪಟ್ಟಿಯನ್ನೇ ಆಶ್ರಯಿಸಿತ್ತು. ಫೋನು ಕಳೆದರೂ ಪಟ್ಟಿ ಕಳೆಯದಂತೆ, ಸಂಪರ್ಕಗಳನ್ನು ಗೂಢಲಿಪಿಯಲ್ಲಿ ತನ್ನಲ್ಲಿಯೇ ಉಳಿಸುವ ಏರ್ಪಾಡನ್ನು ಅದು 2024ರಲ್ಲಿ ಪ್ರಕಟಿಸಿತು.

ಆದುದರಿಂದ ಇಂತಹ ಆ್ಯಪನ್ನು ವಿನ್ಯಾಸಗೊಳಿಸುವವನ ಮೊದಲ ಧರ್ಮವೆಂದರೆ, ತಿದ್ದುವ ಪುಟದಲ್ಲಿಯೇ ‘ಇದು ಯಾರ ಹೆಸರು, ತಿದ್ದಿದರೆ ಯಾರಿಗೆ ಕಾಣುತ್ತದೆ’ ಎಂಬ ಎರಡು ಮಾತುಗಳನ್ನು ಸ್ಪಷ್ಟವಾಗಿ ಹೇಳುವುದು. ಎರಡೂ ಪುಟಗಳು ಒಂದೇ ರೂಪದಲ್ಲಿದ್ದು, ಎರಡರಲ್ಲಿಯೂ ಅದೇ ಸೀಸದಕಡ್ಡಿಯ ಚಿಹ್ನೆಯಿದ್ದರೆ ಬಳಸುವವನು ಭ್ರಮೆಗೊಳ್ಳುತ್ತಾನೆ. ತಾನು ಗುಟ್ಟಾಗಿ ಇಟ್ಟ ಹೆಸರು ಅವರಿಗೂ ಕಾಣುವುದೋ ಎಂದು ಅಂಜುತ್ತಾನೆ; ಇಲ್ಲವೇ ಲೋಕಕ್ಕೆಲ್ಲ ಕಾಣುವುದನ್ನು ತನಗೆ ಮಾತ್ರ ಎಂದು ತಿಳಿಯುತ್ತಾನೆ.

ಈ ಭೇದವನ್ನು ತೋರಿಸಲು ಹಲವು ಉಪಾಯಗಳನ್ನು ಹೂಡಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ನಾವು ಸೇವ್ ಮಾಡಿರದ ವ್ಯಕ್ತಿಯು ಬರೆದಾಗ, ಅವನ ಹೆಸರಿನ ಹಿಂದೆ ಅಲೆಯಂತಹ ಒಂದು ಗೆರೆ (~) ಇರುತ್ತದೆ. ‘ಇದು ಅವನೇ ಹೇಳಿಕೊಂಡ ಹೆಸರು, ನೀನು ಒಪ್ಪಿದ ಹೆಸರಲ್ಲ’ ಎಂಬುದು ಅದರ ಅರ್ಥ. ಸಿಗ್ನಲ್ ಎಂಬ ಆ್ಯಪಿನಲ್ಲಿ ಪರಿಚಿತನು ಪ್ರೊಫೈಲಿನ ಹೆಸರನ್ನು ಬದಲಿಸಿದರೆ, ಹಳೆಯ ಹೆಸರು ಯಾವುದು, ಹೊಸದು ಯಾವುದು ಎಂಬ ಸೂಚನೆ ಸಂಭಾಷಣೆಯ ನಡುವೆಯೇ ಮೂಡುತ್ತದೆ. ಟೆಲಿಗ್ರಾಂ 2022ರ ಕೊನೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಪರ್ಕದಲ್ಲಿರುವವರಿಗೆ ನಾವೇ ಒಂದು ಭಾವಚಿತ್ರವನ್ನು ಇಡುವ ಅವಕಾಶ ನೀಡಿತು; ಆ ಚಿತ್ರ ನಮಗೆ ಮಾತ್ರ ಕಾಣುತ್ತದೆ.

ಭಾವಚಿತ್ರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದು ಯಾರಿಗೆ ಕಾಣಬೇಕೆಂದು ವಾಟ್ಸಾಪ್ ಕೇಳುತ್ತದೆ: ಎಲ್ಲರಿಗೂ, ನನ್ನ ಸಂಪರ್ಕದವರಿಗೆ, ಅವರಲ್ಲಿ ಕೆಲವರನ್ನು ಬಿಟ್ಟು ಉಳಿದವರಿಗೆ, ಯಾರಿಗೂ ಬೇಡ. ಇಲ್ಲಿ ‘ನನ್ನ ಸಂಪರ್ಕದವರು’ ಎಂದರೆ ನಾನು ಸೇವ್ ಮಾಡಿಕೊಂಡವರು. ನನ್ನನ್ನು ಸೇವ್ ಮಾಡಿಕೊಂಡವರಲ್ಲ. ಷಷ್ಠೀವಿಭಕ್ತಿಯ ಒಂದು ಪ್ರತ್ಯಯದಲ್ಲಿ ಎಷ್ಟು ಅರ್ಥವಡಗಿದೆ ನೋಡಿರಿ!

ಇನ್ನು ಹೆಸರನ್ನು ಬರೆಯುವ ಸ್ಥಳದ ವಿಚಾರ. ಸಂಪರ್ಕವನ್ನು ಸೇರಿಸುವಾಗ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಮನೆಗಳಿರುವುದು ರೂಢಿ. ನಮ್ಮ ಉತ್ತರದ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು. ಹಳೆಯ ಮೈಸೂರಿನ ಕಡೆ ಊರಿನ, ತಂದೆಯ ಮೊದಲಕ್ಷರಗಳು ಹೆಸರಿಗೆ ಮುಂಚೆ. ಎರಡು ಮನೆಗಳಲ್ಲಿ ಇವನ್ನು ಹೇಗೆ ಹಂಚುವುದು? ಸಂಪರ್ಕವಿವರಗಳನ್ನು ಫೋನಿನಿಂದ ಫೋನಿಗೆ ಸಾಗಿಸುವ ವಿಕಾರ್ಡ್ ಎಂಬ ನಮೂನೆಯ 1998ರ ಆವೃತ್ತಿಯಲ್ಲಿ ಬಿಡಿಸಿ ಬರೆದ ಹೆಸರೂ ಕಡ್ಡಾಯವಾಗಿತ್ತು; 2011ರ ನಾಲ್ಕನೆಯ ಆವೃತ್ತಿಯಲ್ಲಿ ಪೂರ್ಣ ಹೆಸರೊಂದೇ ಸಾಕಾಯಿತು. ಹೆಸರಿಗೆ ಒಂದೇ ಉದ್ದನೆಯ ಮನೆಯಿರುವುದೇ ನಮಗೆ ಸಲ್ಲುವ ವಿನ್ಯಾಸ.

ಆ ಮನೆಯ ಅಳತೆಯನ್ನೂ ನಮ್ಮ ಲಿಪಿಯನ್ನು ಬಲ್ಲವರು ನಿಶ್ಚಯಿಸಬೇಕು. ಯೂನಿಕೋಡಿನಲ್ಲಿ ‘ಶ್ರೀ’ ಎಂಬ ಒಂದು ಅಕ್ಷರಕ್ಕೆ ಶಕಾರ, ವಿರಾಮಚಿಹ್ನೆ, ರಕಾರ, ಈಕಾರದ ಚಿಹ್ನೆ ಎಂದು 4 ಸಂಕೇತಗಳು ಬೇಕು. ‘ಮೃತ್ಯುಂಜಯ’ ನಮಗೆ 4 ಅಕ್ಷರ. ಯಂತ್ರಕ್ಕೆ 9 ಸಂಕೇತ. ಸಂಕೇತಗಳನ್ನು ಎಣಿಸಿ ಮಿತಿ ಹಾಕಿದರೆ, ಕನ್ನಡದ ಹೆಸರು ಅರ್ಧದಲ್ಲಿ ತುಂಡಾಗಬಹುದು.

ಈಗ ಮೊದಲಿನ ಪ್ರಸಂಗಕ್ಕೆ ಮರಳುತ್ತೇನೆ. ನಮ್ಮ ದೇಶದಲ್ಲಿ ಬಳಕೆ ನಿಂತು ರದ್ದಾದ ಮೊಬೈಲ್ ನಂಬರನ್ನು ಕನಿಷ್ಠ 90 ದಿನಗಳವರೆಗೆ ಮತ್ತೊಬ್ಬರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿತ್ತು. ಆಮೇಲೆ ಕೊಡಬಹುದು. ವಾಟ್ಸಾಪಿನ ನಿಯಮದಂತೆ, 45 ದಿನ ಬಳಸದೆ ಬಿಟ್ಟ ಖಾತೆಯ ನಂಬರು ಬೇರೊಂದು ಫೋನಿನಲ್ಲಿ ಹೊಸದಾಗಿ ಆರಂಭವಾದರೆ ಹಳೆಯ ಭಾವಚಿತ್ರವೂ ಪರಿಚಯವಾಕ್ಯವೂ ಅಳಿಸಿಹೋಗುತ್ತವೆ. ಇದು ನ್ಯಾಯವೇ. ಆದರೆ ನನ್ನ ಪಟ್ಟಿಯಲ್ಲಿರುವ ಹೆಸರನ್ನು ಯಾವ ಆ್ಯಪೂ ಅಳಿಸಲಾರದು. ಅದು ನಾನು ಇಟ್ಟದ್ದು. ಹೀಗಾಗಿ ಹಳೆಯ ಹೆಸರಿನ ಪಕ್ಕದಲ್ಲಿ ಹೊಸ ಮುಖ ಬಂದು ಕುಳಿತಿತು. ಅಂತಹ ಸಮಯದಲ್ಲಿ ‘ಈ ನಂಬರಿನ ಒಡೆಯರು ಬದಲಾಗಿರಬಹುದು, ಹೆಸರನ್ನು ಪರಿಶೀಲಿಸಿ’ ಎಂದು ಒಂದು ಮಾತು ಹೇಳುವ ವಿನ್ಯಾಸವೇ ಉತ್ತಮ ವಿನ್ಯಾಸವೆಂದು ನನ್ನ ಮತ. ಹಾಗೆಂದು ಮುಖ ಬದಲಾದುದನ್ನು ಕಂಡೂ ವಿಚಾರಿಸದ ನನ್ನ ಅಜಾಗ್ರತೆಯನ್ನು ಯಂತ್ರದ ಮೇಲೆ ಹೊರಿಸಲಾರೆ.

ದಾನಿಗಳು ಇದರಿಂದ ಗ್ರಹಿಸಬೇಕಾದ ಅಂಶವೊಂದಿದೆ. ಪ್ರೊಫೈಲಿನ ಹೆಸರನ್ನೂ ಚಿತ್ರವನ್ನೂ ಯಾರು ಬೇಕಾದರೂ ಹೇಗೆ ಬೇಕಾದರೂ ಹಾಕಿಕೊಳ್ಳಬಹುದು. ಪೂಜ್ಯರ ಭಾವಚಿತ್ರವಿಟ್ಟು, ಸಂಸ್ಥೆಯ ಹೆಸರು ಬರೆದು, ಹೊಸ ನಂಬರಿನಿಂದ ಯಾರಾದರೂ ಕಾಣಿಕೆ ಕೇಳಿದರೆ ಅದನ್ನು ಕೇವಲ ಹೇಳಿಕೆಯೆಂದು ತಿಳಿಯಿರಿ, ಸಾಕ್ಷಿಯೆಂದು ತಿಳಿಯಬೇಡಿರಿ. ಮೊದಲೇ ಬಲ್ಲ ನಂಬರಿಗೆ ಕರೆಮಾಡಿ, ಧ್ವನಿಯನ್ನು ಕೇಳಿ, ಆಮೇಲೆ ಹಣ ಕಳುಹಿಸುವುದು ಕ್ಷೇಮ. ಹಳೆಯ ವಿದ್ಯಾರ್ಥಿಗಳು ನಂಬರನ್ನು ಬದಲಿಸಿದಾಗ ಶಾಲೆಗೆ ಒಂದು ಮಾತು ತಿಳಿಸಿದರೆ ಮಹೋಪಕಾರವಾಗುತ್ತದೆ.

ಆ ತರುಣನು ಸಜ್ಜನ. ನಾನು ಕೇಳಿಕೊಂಡ ಕೂಡಲೇ ರಸೀದಿಯ ಪ್ರತಿಯನ್ನು ಅಳಿಸಿದುದಾಗಿ ತಿಳಿಸಿದನು. ಹಿರಿಯರ ಮನೆಗೆ ಹೋಗಿ ಅವರ ಮಗನನ್ನು ಕಂಡು ಕ್ಷಮೆ ಕೇಳಿ ಬಂದೆ. ಬಳಿಕ ಆ ನಂಬರನ್ನು ನನ್ನ ಪಟ್ಟಿಯಿಂದ ತೆಗೆದೆನು. ‘ಗ್ರಂಥಾಲಯದ ದಾನಿಗಳು’ ಎಂದು ನಾನಿಟ್ಟಿದ್ದ ಹೆಸರನ್ನು ಮಾತ್ರ ಗ್ರಂಥಾಲಯದ ದಾನಿಗಳ ದಾಖಲೆ ಪುಸ್ತಕದಲ್ಲಿ, ಅವರ ಅಂಕಿತನಾಮದ ಮುಂದೆ, ನನ್ನ ಕೈಯಾರೆ ಬರೆದಿಟ್ಟಿದ್ದೇನೆ.