ಮಗು ಮಲಗಲು ಅಜ್ಜಿಯ ಮದ್ದು: ಯಾವುದು ಬೇಕು, ಯಾವುದು ಬೇಡ?

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಕುಂಬ್ರ ಸಿಗುತ್ತದೆ. ಈ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಹಸುಗೂಸು ರಾತ್ರಿ ರಚ್ಚೆ ಹಿಡಿದರೆ ಹಿರಿಯರು ತೇಯುವ ಕಲ್ಲು ಹುಡುಕುತ್ತಿದ್ದರು. ಬಜೆಯನ್ನೋ ಜಾಯಿಕಾಯಿಯನ್ನೋ ಎದೆಹಾಲಿನಲ್ಲಿ ಅಥವಾ ಜೇನಿನಲ್ಲಿ ತೇಯ್ದು ನಾಲಿಗೆಗೆ ಸವರುವುದು ವಾಡಿಕೆ. ಬೆಳಗಾದರೆ ಹಟ್ಟಿ, ತೋಟ, ಅಡುಗೆ ಎಂದು ಓಡಬೇಕಾದ ತಾಯಿಗೆ ಮಗುವಿನ ನಿದ್ದೆ ಸಣ್ಣ ಸಂಗತಿಯಾಗಿರಲಿಲ್ಲ.

ಈ ಉಪಾಯಗಳಲ್ಲಿ ಎರಡು ಬಗೆ. ಮೈಗೆ ಮಾಡುವುದು ಒಂದು, ಹೊಟ್ಟೆಗೆ ಕೊಡುವುದು ಇನ್ನೊಂದು.

ಮೊದಲನೆಯದರಲ್ಲಿ ಒಳ್ಳೆಯ ತಿಳಿವಳಿಕೆ ಇದೆ. ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ನೀವಿ, ಹದವಾದ ಬಿಸಿನೀರಿನಲ್ಲಿ ಮೀಯಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಆಮೇಲೆ ಮೈಯ ಒಳಗಿನ ಬಿಸಿ ತುಸು ಇಳಿಯುತ್ತದೆ. ನಿದ್ದೆಗೆ ಇದೇ ಅನುಕೂಲ. ತೊಟ್ಟಿಲ ತೂಗಾಟ, ಒಂದೇ ಲಯದ ಜೋಗುಳ ಗರ್ಭದಲ್ಲಿದ್ದಾಗಿನ ಅಲುಗಾಟವನ್ನೂ ಸದ್ದನ್ನೂ ಹೋಲುತ್ತವೆ.

ಎರಡನೆಯದರಲ್ಲಿ ಎಚ್ಚರ ಬೇಕು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಅದು ನರಗಳಿಗೆ ತಾಗಿ ಮಗು ಸೋತುಹೋಗುತ್ತದೆ. ಆದ್ದರಿಂದ ಒಂದು ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಜಾಯಿಕಾಯಿಯ ಮಿರಿಸ್ಟಿಸಿನ್ ಹೆಚ್ಚಾದರೆ ಅಮಲು ತರುತ್ತದೆ. ಬಜೆ ಹೆಚ್ಚಾದರೆ ವಾಂತಿ. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯ್ದರೆ ಎಷ್ಟು ಮದ್ದು ಎಂಬ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ.

ಇದು ನಮ್ಮ ಊರಿನ ಕತೆ ಮಾತ್ರವಲ್ಲ. ಹಿಂದೆ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದರು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ನಲ್ಲಿ ಇದ್ದದ್ದು ಮಾರ್ಫಿನ್. ಅದನ್ನು ಕುಡಿದ ಎಷ್ಟೋ ಮಕ್ಕಳು ಮತ್ತೆ ಏಳಲೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಆರು ತಿಂಗಳವರೆಗೆ ಎದೆಹಾಲು ಸಾಕು, ನೀರೂ ಬೇಡ. ಹಗಲಿನಲ್ಲಿ ಬೆಳಕಿರಲಿ, ರಾತ್ರಿ ದೀಪ ಮಂದವಾಗಿರಲಿ. ಹಗಲು ರಾತ್ರಿಯ ವ್ಯತ್ಯಾಸ ಮಗುವಿಗೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಅಂಗಾತ ಮಲಗಿಸಿ, ದಿಂಬು ಇಡಬೇಡಿ. ಹೊಗೆ ಹಾಕಬೇಡಿ. ಅಳು ನಿಲ್ಲದಿದ್ದರೆ, ಜ್ವರವಿದ್ದರೆ, ಮಗು ಹಾಲು ಬಿಟ್ಟರೆ ಡಾಕ್ಟರರಿಗೆ ತೋರಿಸಿ.

ತೇಯುವ ಕಲ್ಲು ಅಟ್ಟದಲ್ಲಿರಲಿ. ಅಜ್ಜಿಯ ಎಣ್ಣೆ, ಬಿಸಿನೀರು, ಜೋಗುಳ ಮಾತ್ರ ಮನೆಯಲ್ಲಿ ಉಳಿಯಲಿ.