ಬೆಳಕಿನ ಗುಳಿಯಲ್ಲಿ ಪರಮಾಣುಗಳ ಶಿಸ್ತು

ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆಯೆಂಬುದು ಕಾಕತಿಯ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಆ ಪೊಟ್ಯಾಸಿಯಂ ಪರಮಾಣುಗಳೆಲ್ಲ ಒಂದೇ ಸ್ವಭಾವದವಲ್ಲ. ಇದನ್ನರಿಯಲು ಕೂಡುವ ಲೆಕ್ಕ ಸಾಕು. ಪೊಟ್ಯಾಸಿಯಂ-39ರಲ್ಲಿ 19 ಪ್ರೋಟಾನು, 20 ನ್ಯೂಟ್ರಾನು, 19 ಇಲೆಕ್ಟ್ರಾನು. ಒಟ್ಟು 58, ಸಮಸಂಖ್ಯೆ. ಅಪರೂಪದ ಪೊಟ್ಯಾಸಿಯಂ-40ರಲ್ಲಿ ಒಂದು ನ್ಯೂಟ್ರಾನ್ ಹೆಚ್ಚು; ಒಟ್ಟು 59, ಬೆಸಸಂಖ್ಯೆ. ಮೊದಲನೆಯದು ಬೋಸಾನ್, ಎರಡನೆಯದು ಫರ್ಮಿಯಾನ್. ನಮ್ಮ ಸತ್ಯೇಂದ್ರನಾಥ ಬೋಸ್ ಮತ್ತು ಇಟಲಿಯ ಎನ್ರಿಕೊ ಫರ್ಮಿ ಅವರಿಂದ ಬಂದ ಹೆಸರುಗಳಿವು.

ಬೋಸಾನುಗಳು ಎಷ್ಟಾದರೂ ಒಂದೇ ಸ್ಥಿತಿಯಲ್ಲಿ ಇರಬಲ್ಲವು. ಒಂದೇ ಬಗೆಯ ಎರಡು ಫರ್ಮಿಯಾನುಗಳು ಮಾತ್ರ ಒಂದೇ ಸ್ಥಿತಿಯಲ್ಲಿ ಇರಲಾರವು. ಇದು ಪೌಲಿ 1925ರಲ್ಲಿ ಹೇಳಿದ ನಿಯಮ. ಪರಮಾಣುಗಳ ಈ ಭೇದ ಪ್ರಕಟವಾಗಲು ವಿಪರೀತ ತಂಪು ಬೇಕು. 1999ರಲ್ಲಿ ಅಮೆರಿಕದ ಬೋಲ್ಡರ್ ನಗರದಲ್ಲಿ ಡೆಬೊರಾ ಜಿನ್ ಹಾಗೂ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಬ್ರಯನ್ ಡಿಮಾರ್ಕೊ ಅವರು ಪೊಟ್ಯಾಸಿಯಂ-40ರ ಅನಿಲವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರಕ್ಕೆ ಇಳಿಸಿ ಅದನ್ನು ತೋರಿಸಿಕೊಟ್ಟರು.

ಇಂಥ ಪರಮಾಣುಗಳನ್ನು ಇಡಲು ಪಾತ್ರೆ ಯಾವುದು? ಎದುರುಬದುರಾಗಿ ಲೇಸರ್ ಕಿರಣ ಹಾಯಿಸಿದರೆ ಬೆಳಕಿನ ಅಲೆಗಳು ಸೇರಿ ಪಡ್ಡಿನ ಹಂಚಿನಂತೆ ಸಾಲುಸಾಲು ಗುಳಿಗಳಾಗುತ್ತವೆ. ಇದೇ ಬೆಳಕಿನ ಜಾಲಕ. ಎರಡು ಬಗೆಯ ಫರ್ಮಿಯಾನುಗಳನ್ನು ಬೆರೆಸಿ ಗುಳಿಗೊಂದರಂತೆ ತುಂಬಿದರೆ, ನೆರೆಯಲ್ಲಿ ಬೇರೆ ಬಗೆಯದಿದ್ದಾಗ ಮಾತ್ರ ಪರಮಾಣು ಕ್ಷಣಕಾಲ ಆ ಗುಳಿಗೆ ಇಣುಕಬಲ್ಲದು. ಇದರಿಂದ ಶಕ್ತಿ ಉಳಿಯುತ್ತದೆ. ಆದ್ದರಿಂದ ಅವು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ನಿಲ್ಲುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಲಿಥಿಯಂ-6 ಪರಮಾಣುಗಳಿಂದ ಸುಮಾರು 80 ಗುಳಿಗಳಲ್ಲಿ ಈ ಶಿಸ್ತನ್ನು ಕಂಡರು.

ಗುಳಿಗಳು ತ್ರಿಕೋನವಾಗಿದ್ದರೆ? ಮೂವರು ನೆರೆಯವರಲ್ಲಿ ಬಗೆ ಎರಡೇ. ಯಾರಾದರೂ ಇಬ್ಬರು ಒಂದೇ ಆಗಲೇಬೇಕು. ಆಗ ಪ್ರಕೃತಿ ಹೊಸ ರಾಜಿಗೆ ಬರುತ್ತದೆ. ಇನ್ನು ಎತ್ತಿನ ಜೋಡಿಯಂತೆ ಎರಡು ಬಗೆಯವು ಜೊತೆಗೂಡುವಾಗ ಒಂದು ಬಗೆ ಹೆಚ್ಚಾಗಿದ್ದರೆ, ಜೋಡಿಗಳು ಅಲೆಯಲೆಯಾಗಿ ದಟ್ಟವೂ ವಿರಳವೂ ಆಗಬಹುದೆಂದು 1964ರಲ್ಲೇ ವಿಜ್ಞಾನಿಗಳು ಊಹಿಸಿದ್ದರು. ರೂಢಿಗೆ ಹೊರತಾದ ಕ್ರಮಗಳೆಂದರೆ ಇಂಥವು.

ಇದರಿಂದ ಪ್ರಯೋಜನವೇನು? ಪಂಪ್‌ಸೆಟ್ಟಿಗೆ ಬರುವ ವಿದ್ಯುತ್ತಿನ ಒಂದು ಪಾಲು ತಂತಿಯಲ್ಲೇ ಶಾಖವಾಗಿ ಸೋರುತ್ತದೆ. ಅತಿವಾಹಕಗಳಲ್ಲಿ ಈ ಸೋರಿಕೆಯಿಲ್ಲ, ಆದರೆ ಅವಕ್ಕೆ ತೀವ್ರ ತಂಪು ಬೇಕು. 1986ರಲ್ಲಿ ಪತ್ತೆಯಾದ ತಾಮ್ರದ ಆಕ್ಸೈಡುಗಳು ಹಳೆಯ ಅತಿವಾಹಕಗಳಿಗಿಂತ ಹೆಚ್ಚಿನ ತಾಪದಲ್ಲೇ ಅತಿವಾಹಕವಾಗುತ್ತವೆ. ಏಕೆಂಬುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಅಲ್ಲಿನ ಇಲೆಕ್ಟ್ರಾನುಗಳೂ ಜಾಲಕದಲ್ಲಿರುವ ಫರ್ಮಿಯಾನುಗಳೇ. ಗುಳಿಯೊಂದು ಖಾಲಿ ಇರಬಹುದು, ಒಂದು ಬಗೆ, ಇನ್ನೊಂದು ಬಗೆ, ಇಲ್ಲವೆ ಎರಡೂ ಇರಬಹುದು. ಒಟ್ಟು 4 ಸಾಧ್ಯತೆ. 10 ಗುಳಿಗೆ 4ನ್ನು ಹತ್ತು ಸಲ ಗುಣಿಸಿ: 10,48,576. ಇಪ್ಪತ್ತಕ್ಕೆ ಲಕ್ಷ ಕೋಟಿ ದಾಟುತ್ತದೆ. ಕಂಪ್ಯೂಟರ್ ಸೋಲುವಲ್ಲಿ ಪರಮಾಣುಗಳೇ ಉತ್ತರ ಹೇಳಲಿ ಎಂಬುದು ಈ ಪ್ರಯೋಗಗಳ ಹಂಚಿಕೆ.

ಈ ವಿದ್ಯೆ ಪರದೇಶಕ್ಕೇ ಮೀಸಲಲ್ಲ. ಕಾಕತಿಯನ್ನು ಹಾದುಹೋಗುವ ಹೆದ್ದಾರಿ ಮುಟ್ಟುವ ಬೆಂಗಳೂರಿನಲ್ಲೇ, ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಮಿಶ್ರಣವನ್ನು ಲೇಸರಿನಿಂದ ತಂಪುಗೊಳಿಸುವ ಪ್ರಯೋಗಗಳು ನಡೆದಿವೆ. ಪಿಯುಸಿ ವಿಜ್ಞಾನವೆಂದರೆ ಡಾಕ್ಟರ್, ಎಂಜಿನಿಯರ್ ಎರಡೇ ದಾರಿ ಎಂದುಕೊಂಡ ಪಾಲಕರು ಈ ಮೂರನೆಯ ದಾರಿಯನ್ನೂ ಮಕ್ಕಳಿಗೆ ತೋರಿಸಬೇಕು. ಅದರ ಮೊದಲ ಮೆಟ್ಟಿಲು ಸಮ-ಬೆಸ ಲೆಕ್ಕವೇ.